ನ್ಯಾಮತಿಗೆ ಏಳು ಕೀ: ಬರೆಯುವ ಸೆಟ್ಟಿಂಗ್ ನಡೆದು ಬಂದ ದಾರಿ

‘ನ್ಯಾಮತಿ’ ಅಂತ ಕಂಪ್ಯೂಟರಿನಲ್ಲಿ ಬರೆಯಲು ಏಳು ಕೀ ಒತ್ತಬೇಕು. ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ‘ನುಡಿ’ ಬಳಸುವವರ ಬೆರಳಿಗೆ ಕೂತಿರುವ ವಿನ್ಯಾಸದಲ್ಲಿ, ಆ ಏಳು ಹೀಗಿವೆ: ಎನ್, ಎಫ್, ವೈ, ದೊಡ್ಡ ಎ, ಎಂ, ಟಿ, ಐ. ‘ಬರಹ’ದಲ್ಲಿ ಇಂಗ್ಲಿಷ್ ಉಚ್ಚಾರದಂತೆ ಬರೆಯುವವರಿಗೂ ಏಳೇ: ಎನ್, ವೈ, ದೊಡ್ಡ ಎ, ಎಂ, ಎ, ಟಿ, ಐ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲೂ ಏಳೇ: ವಿ, ಡಿ, ಓರೆಗೆರೆ, ಇ, ಸಿ, ಎಲ್, ಎಫ್.

ಊರು ಒಂದೇ, ಒತ್ತುವುದು ಏಳೇ, ದಾರಿ ಮಾತ್ರ ಮೂರು. ಇನ್‌ಸ್ಕ್ರಿಪ್ಟ್ ಹಾಕಿಟ್ಟಿರುವ ಕಂಪ್ಯೂಟರಿನ ಮುಂದೆ ನುಡಿ ಕಲಿತವರು ಕೂತು ನೋಡದೆ ನ್ಯಾಮತಿ ಒತ್ತಿದರೆ ಪರದೆ ಮೇಲೆ ಬರುವುದು ‘ಲಿಬಓಸೂಗ’. ಅಂಥದ್ದೊಂದು ಊರು ನಮ್ಮ ಜಿಲ್ಲೆಯಲ್ಲಿಲ್ಲ.

ಯಂತ್ರದ್ದೂ ತಪ್ಪಿಲ್ಲ, ಬೆರಳಿನದ್ದೂ ತಪ್ಪಿಲ್ಲ. ನಡುವೆ ಇರುವ ಸೆಟ್ಟಿಂಗ್ ಬೇರೆ, ಅಷ್ಟೇ. ಸೆಟ್ಟಿಂಗ್ ಅಂದರೆ ಯಂತ್ರಕ್ಕೆ ಮೊದಲೇ ಹೇಳಿಟ್ಟ ಮಾತು. ಬಿತ್ತನೆಗೆ ಮುಂಚೆ ಕೂರಿಗೆ ಕಟ್ಟುವಾಗ ಸಾಲಿನ ಅಂತರ ಎಷ್ಟಿರಬೇಕು ಅಂತ ನೋಡಿಕೊಂಡೇ ಕಟ್ಟುತ್ತೇವಲ್ಲ, ಹಾಗೆ. ಒಮ್ಮೆ ಕಟ್ಟಿದ ಮೇಲೆ ಹೊಲ ಪೂರ್ತಿ ಅದೇ ಅಳತೆ. ಕಟ್ಟಿದವರು ಯಾರು, ಯಾಕೆ ಹಾಗೆ ಕಟ್ಟಿದರು ಅನ್ನುವುದು ಮರೆತುಹೋದರೆ ಮುಂದಿನ ಮುಂಗಾರಿಗೆ ತಕರಾರು ಶುರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸುದ್ದಿ ಬರೆಯುವ ನಮ್ಮಂಥವರು ಈ ಸೆಟ್ಟಿಂಗ್ ಜೊತೆ ದಿನಾ ಏಗುತ್ತೇವೆ. ಇದನ್ನು ಕೈಯಾರೆ ಕೂಡಿಸಿ ಕಾಪಾಡಬೇಕೋ, ಯಂತ್ರಕ್ಕೇ ಬಿಟ್ಟುಬಿಡಬೇಕೋ ಅನ್ನುವ ಪ್ರಶ್ನೆ ಪತ್ರಕರ್ತರದ್ದು ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಹಾಲಿನ ಸೊಸೈಟಿಯ ನಡಾವಳಿ, ದೇವಸ್ಥಾನ ಸಮಿತಿಯ ಲೆಕ್ಕ, ಕೆರೆ ಒತ್ತುವರಿ ಬಗ್ಗೆ ಹತ್ತು ವರ್ಷದ ಹಿಂದೆ ಕೊಟ್ಟ ಅರ್ಜಿ, ಎಲ್ಲವೂ ಇದರ ಮೇಲೆಯೇ ನಿಂತಿವೆ.

ಕಬ್ಬಿಣದಲ್ಲಿದ್ದ ಸೆಟ್ಟಿಂಗ್

ಮೊದಲು ಟೈಪ್‌ರೈಟರ್ ಇತ್ತು. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ಹೊಂದಿಸಿಕೊಟ್ಟವರು ಅನಂತ ಸುಬ್ಬರಾವ್. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಸಾವಿರಾರು ರೂಪ. ಅಷ್ಟನ್ನೂ ಒಂದು ಯಂತ್ರದ ಕಡ್ಡಿಗಳಲ್ಲಿ ಕೂರಿಸಲು ಆಗುವುದಿಲ್ಲ. ಅಕ್ಷರವನ್ನು ಚೂರು ಮಾಡಿ, ಮೈ ಒಂದು ಕಡ್ಡಿಗೆ, ಕೊಂಬು ಇನ್ನೊಂದಕ್ಕೆ, ಒತ್ತು ಮತ್ತೊಂದಕ್ಕೆ ಕೊಟ್ಟು ದಾರಿ ಕಂಡುಕೊಂಡರು.

ಆ ಕಾಲದಲ್ಲಿ ಸೆಟ್ಟಿಂಗ್ ಅನ್ನುವುದು ಕಬ್ಬಿಣದಲ್ಲೇ ಇತ್ತು. ನಮಗೆ ಬೇಕಾದಂತೆ ‘ಕ’ವನ್ನು ಎಡಗೈಗೆ ಸರಿಸುತ್ತೇವೆ ಅಂದರೆ ಆಗುತ್ತಿರಲಿಲ್ಲ. ಆದರೆ ಇದರಲ್ಲಿ ಒಂದು ಅನುಕೂಲವಿತ್ತು. ಪಾಠಶಾಲೆಯಲ್ಲಿ ಒಂದು ಯಂತ್ರದ ಮೇಲೆ ಕಲಿತವರು ಕಚೇರಿಗೆ ಹೋಗಿ ಅದೇ ಬಗೆಯ ಯಂತ್ರದ ಮುಂದೆ ಕೂತು ಕೆಲಸ ಶುರು ಮಾಡುತ್ತಿದ್ದರು. ಬರೆದದ್ದು ಕಾಗದದ ಮೇಲೆ ಬೀಳುತ್ತಿತ್ತು. ಕಾಗದ ಓದಲು ಯಾವ ಸೆಟ್ಟಿಂಗೂ ಬೇಡ. ಕಣ್ಣಿದ್ದರೆ ಸಾಕು. ಹಳೆಯ ಟೈಪ್ ಮಾಡಿದ ಕ್ರಯಪತ್ರ ಇವತ್ತಿಗೂ ಓದಲು ಬರುವುದು ಇದಕ್ಕೇ.

ಡಿಟಿಪಿ ಅಂಗಡಿಯ ಕಾಲ

ಕಂಪ್ಯೂಟರ್ ಬಂದ ಮೇಲೆ ಕೀ ಬೇರೆ, ಅಕ್ಷರ ಬೇರೆ ಆಯಿತು. ಯಾವ ಕೀಗೆ ಯಾವ ಅಕ್ಷರ ಅನ್ನುವುದನ್ನು ತಂತ್ರಾಂಶ ತೀರ್ಮಾನಿಸತೊಡಗಿತು. ಮಂಗಳೂರು ಕಡೆಯ ಕಿನ್ನಿಕಂಬಳದ ಪದ್ಮನಾಭ ರಾವ್, ಎಲ್ಲರೂ ಕರೆಯುವ ಕೆ.ಪಿ. ರಾವ್, ಒಂದು ಸರಳ ದಾರಿ ತೋರಿಸಿದರು. ಇಂಗ್ಲಿಷಿನ 26 ಕೀಗಳೇ ಸಾಕು. ಉಚ್ಚಾರಕ್ಕೆ ಹತ್ತಿರದ ಕೀಗೆ ಅಕ್ಷರ, ಶಿಫ್ಟ್ ಹಿಡಿದರೆ ಮಹಾಪ್ರಾಣ ಅಥವಾ ದೀರ್ಘ. ಎಫ್ ಒತ್ತಿದರೆ ಹಿಂದಿನ ಅಕ್ಷರಕ್ಕೆ ಮುಂದಿನದು ಒತ್ತಾಗಿ ಸೇರುತ್ತದೆ. ಈ ಕ್ರಮದಲ್ಲಿ ಅವರು ಮಾಡಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಅಂತಲೇ ಹೆಸರಿಟ್ಟರು. ಅದನ್ನು ದುಡ್ಡಿಗೆ ಮಾರಲಿಲ್ಲ. ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೆ ಇದೇ ಬುನಾದಿಯಾಯಿತು.

ಜೊತೆಗೆ ಶ್ರೀಲಿಪಿ, ಆಕೃತಿ, ಪ್ರಕಾಶಕ ಇದ್ದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. 2000ದ ದಶಕದ ಆರಂಭದಲ್ಲಿ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಬಂತು. ಪುಕ್ಕಟೆ ಸಿಗುತ್ತಿತ್ತು, ಕಚೇರಿಗಳಲ್ಲಿ ಅದೇ ನಡೆಯುತ್ತಿತ್ತು. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಗಳಿಗೂ ಅದೇ ಬಂತು.

ಈ ತಂತ್ರಾಂಶಗಳ ಒಳಗೆ ಒಂದು ಗುಟ್ಟಿತ್ತು. ಆಗಿನ ಕಂಪ್ಯೂಟರ್ ಫಾಂಟಿನಲ್ಲಿ ಇದ್ದದ್ದು 256 ಮನೆ, ಅವೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಅಂತ ಹಂಚಿದವು. ಕನ್ನಡಕ್ಕೆ ಬೇರೆ ಮನೆ ಇರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚೂರುಗಳನ್ನು ಬಾಡಿಗೆಗೆ ಇಟ್ಟರು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಅಂತ ಬರೆದರೆ ಕಂಪ್ಯೂಟರ್ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದಕ್ಷರ, ಕ್ಯೂ, ಮತ್ತೆ ಅದೇ ಎ. ಮೇಲಿಂದ ನುಡಿ ಫಾಂಟ್ ಹೊದಿಸಿದರೆ ಕನ್ನಡ. ಹೊದಿಕೆ ತೆಗೆದರೆ ಆ ಗೋಜಲು.

ಬರಹದ ಹಳೆಯ ಫಾಂಟುಗಳು, ಶ್ರೀಲಿಪಿ, ಆಕೃತಿ ಇವುಗಳೂ ಇದೇ ಜಾತಿ. ಆದರೆ ಯಾವ ಮನೆಯಲ್ಲಿ ಯಾವ ಚೂರು ಅನ್ನುವುದು ಎಲ್ಲದರಲ್ಲೂ ಒಂದೇ ಆಗಿರಲಿಲ್ಲ. ಒಂದು ಅಂಗಡಿಯಲ್ಲಿ ಆಕೃತಿಯಲ್ಲಿ ಮಾಡಿಸಿದ ಕರಪತ್ರವನ್ನು ನುಡಿ ಮಾತ್ರ ಇರುವ ಇನ್ನೊಂದು ಅಂಗಡಿಯಲ್ಲಿ ತೆಗೆದರೆ ಓದಲು ಬರುತ್ತಿರಲಿಲ್ಲ. ಫಾಂಟ್, ಕೀಲಿಮಣೆ, ತಂತ್ರಾಂಶದ ಆವೃತ್ತಿ, ಈ ಮೂರೂ ಹೊಂದಿದರೆ ಮಾತ್ರ ಕನ್ನಡ.

ಇದನ್ನೆಲ್ಲ ಹೊಂದಿಸಿಡುತ್ತಿದ್ದವರು ಅಂಗಡಿಯವರು. ಹೊಸ ಕಂಪ್ಯೂಟರ್ ಬಂದರೆ ಸಿ.ಡಿ. ಹಾಕಿ, ಫಾಂಟುಗಳನ್ನು ಒಂದೊಂದಾಗಿ ಫಾಂಟ್ಸ್ ಫೋಲ್ಡರಿಗೆ ಸುರಿದು, ಪೇಜ್‌ಮೇಕರ್ ತೆರೆದು ನೋಡಿ, ಸರಿಯಿಲ್ಲದಿದ್ದರೆ ಮತ್ತೆ ಮೊದಲಿಂದ. ಈ ವಿದ್ಯೆ ಅವರ ತಲೆಯಲ್ಲಿತ್ತು. ಬರೆದಿಟ್ಟವರು ಕಡಿಮೆ.

ಜಿಲ್ಲೆ ಬದಲಾದಾಗ

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಈ ಕತೆಗೆ ಇನ್ನೊಂದು ಎಳೆ ಇದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಜಗಳೂರು ಅಲ್ಲಿಯವರೆಗೆ ಚಿತ್ರದುರ್ಗದ್ದು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದವು. ಹರಪನಹಳ್ಳಿ ಬಳ್ಳಾರಿಯಿಂದ ಬಂತು, ಮುಂದೆ ಬಳ್ಳಾರಿಗೇ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾಯಿತು.

ಸರ್ಕಾರ ಒಂದು ಆದೇಶ ಹೊರಡಿಸಿದರೆ ಜಿಲ್ಲೆ ಬದಲಾಗುತ್ತದೆ. ಕಂಪ್ಯೂಟರಿನೊಳಗೆ ಅದು ತಾನಾಗಿ ಬದಲಾಗುವುದಿಲ್ಲ. ಅರ್ಜಿಯ ನಮೂನೆಯಲ್ಲಿ ‘ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ’ ಅಂತ ಇದ್ದದ್ದನ್ನು ಯಾರಾದರೂ ಕೂತು ತಿದ್ದಬೇಕು.

ವರ್ಡ್ ಬಳಸುವವರಿಗೆ ಆಟೋಟೆಕ್ಸ್ಟ್ ಅಂತ ಒಂದು ಸೌಕರ್ಯವಿದೆ. ಪದೇ ಪದೇ ಬರುವ ಸಾಲಿಗೆ ಒಂದು ಗಿಡ್ಡ ಹೆಸರು ಕೊಟ್ಟು ಇಟ್ಟುಕೊಳ್ಳುವುದು. ಹೆಸರು ಬರೆದು ಎಫ್3 ಒತ್ತಿದರೆ ಪೂರ್ತಿ ಸಾಲು ಬಂದು ಕೂರುತ್ತದೆ. ದಿನಕ್ಕೆ ಹತ್ತು ಅರ್ಜಿ ಬರೆಯುವವರಿಗೆ, ನಾಲ್ಕು ಸುದ್ದಿ ಕಳಿಸುವವರಿಗೆ ಇದರಿಂದ ಎಷ್ಟೋ ಒತ್ತು ಉಳಿತಾಯ. ಈ ಸಾಲುಗಳೆಲ್ಲ ಸೇರಿಕೊಳ್ಳುತ್ತಿದ್ದದ್ದು ‘ನಾರ್ಮಲ್ ಡಾಟ್’ ಅನ್ನುವ ಒಂದೇ ಫೈಲಿನಲ್ಲಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದಾಗ ಫೋಟೊ, ಪತ್ರಗಳನ್ನು ಉಳಿಸಿಕೊಂಡವರೂ ಈ ಫೈಲನ್ನು ಉಳಿಸಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಸಾಲುಗಳು ಒಂದು ಸಂಜೆಗೆ ಹೋಗುತ್ತಿದ್ದವು.

ಸುದ್ದಿ ಬರೆಯುವವರಿಗೆ ಇನ್ನೂ ಒಂದು ಬಗೆಯ ತಾಪತ್ರಯ. ಒಂದು ಡೆಸ್ಕಿಗೆ ‘ತಾಲ್ಲೂಕು’ ಬೇಕು, ಇನ್ನೊಂದಕ್ಕೆ ‘ತಾಲೂಕು’. ಒಬ್ಬರು ‘ಚನ್ನಗಿರಿ’ ಬರೆಯುತ್ತಾರೆ, ಇನ್ನೊಬ್ಬರು ‘ಚೆನ್ನಗಿರಿ’. ಒಂದು ಕಡೆ ‘ಸೂಳೆಕೆರೆ’, ಇನ್ನೊಂದು ಕಡೆ ‘ಶಾಂತಿಸಾಗರ’. ಇವೂ ಸೆಟ್ಟಿಂಗುಗಳೇ. ಯಾವ ಪತ್ರಿಕೆಗೆ ಯಾವ ರೂಪ ಅಂತ ಡೈರಿಯ ಕೊನೆ ಪುಟದಲ್ಲಿ ಬರೆದಿಟ್ಟುಕೊಂಡವರನ್ನು ನಾವು ನೋಡಿದ್ದೇವೆ. ಅವರ ಕಂಪ್ಯೂಟರ್ ಕೆಟ್ಟರೂ ಕೆಲಸ ನಿಲ್ಲುತ್ತಿರಲಿಲ್ಲ.

ಚುಕ್ಕೆ ಫೈಲುಗಳ ಕತೆ

ಈ ಪಾಡು ನಮ್ಮದು ಮಾತ್ರವಲ್ಲ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರೂ ದಿನವಿಡೀ ಅಕ್ಷರ ಒತ್ತುವವರೇ. ಅವರು ಬಳಸುವ ಬರೆಯುವ ಸಾಧನಕ್ಕೆ ಟೆಕ್ಸ್ಟ್ ಎಡಿಟರ್ ಅನ್ನುತ್ತಾರೆ. ಅವರಿಗೂ ಸೆಟ್ಟಿಂಗ್ ಕಳೆದುಕೊಳ್ಳುವ ಭಯ ಇತ್ತು. ಅವರು ಕಂಡುಕೊಂಡ ದಾರಿಯಲ್ಲಿ ನಮಗೂ ಒಂದಿಷ್ಟು ಪಾಠವಿದೆ.

1976ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಅನ್ನುವವರು ‘ವಿಐ’ ಅನ್ನುವ ಎಡಿಟರ್ ಬರೆದರು. ಅದೇ ವರ್ಷ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೆಳೆಯರಿಂದ ‘ಇಮ್ಯಾಕ್ಸ್’ ಹುಟ್ಟಿತು. 1991ರಲ್ಲಿ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ವಿಐ ಮಾದರಿಯಲ್ಲಿ ‘ವಿಮ್’ ಬಿಡುಗಡೆ ಮಾಡಿ, 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಪೋಷಿಸಿದರು.

ಈ ಎಡಿಟರುಗಳ ಸೆಟ್ಟಿಂಗ್ ಇರುವುದು ಒಂದು ಸಾದಾ ಬರಹದ ಫೈಲಿನಲ್ಲಿ. ವಿಮ್‌ನ ಫೈಲಿನಲ್ಲಿ ‘ಸೆಟ್ ನಂಬರ್’ ಅಂತ ಒಂದು ಸಾಲು ಬರೆದರೆ ಪ್ರತಿ ಸಾಲಿನ ಮುಂದೆ ಅಂಕಿ ಕಾಣುತ್ತದೆ. ಸಾಲು ಅಳಿಸಿದರೆ ಅಂಕಿ ಹೋಗುತ್ತದೆ. ಗುಂಡಿ ಹುಡುಕುವ ಕೆಲಸವಿಲ್ಲ. ಇನ್ನೊಂದು ಒಳ್ಳೆಯ ಏರ್ಪಾಡು ಏನೆಂದರೆ, ಡಬಲ್ ಕೋಟ್ ಗುರುತಿನಿಂದ ಶುರುವಾಗುವ ಸಾಲನ್ನು ಯಂತ್ರ ಗಮನಿಸುವುದಿಲ್ಲ. ಅದು ಮನುಷ್ಯರಿಗೆ ಬಿಟ್ಟ ಜಾಗ. ಈ ಸೆಟ್ಟಿಂಗ್ ಯಾಕೆ ಹಾಕಿದೆ ಅಂತ ಅಲ್ಲಿ ಬರೆದಿಡಬಹುದು.

ಈ ಫೈಲುಗಳ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ. ಅದಕ್ಕೇ ಇವಕ್ಕೆ ‘ಡಾಟ್ ಫೈಲ್’ ಅನ್ನುತ್ತಾರೆ. ಚುಕ್ಕೆಯ ಫೈಲು ಮಾಮೂಲಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಇದು ಯೋಚನೆ ಮಾಡಿ ಮಾಡಿದ್ದಲ್ಲ. ಯುನಿಕ್ಸ್ ಕಟ್ಟಿದ ತಂಡದಲ್ಲಿದ್ದ ರಾಬ್ ಪೈಕ್ ಬರೆದಿರುವಂತೆ, ಪಟ್ಟಿಯಿಂದ ‘ಚುಕ್ಕೆ’ ಮತ್ತು ‘ಎರಡು ಚುಕ್ಕೆ’ ಅನ್ನುವ ಎರಡು ಹೆಸರುಗಳನ್ನು ಮಾತ್ರ ಮರೆಮಾಡಬೇಕಿತ್ತು. ಬರೆದವರು ಸುಲಭದ ದಾರಿ ಹಿಡಿದು ಮೊದಲಕ್ಷರ ಚುಕ್ಕೆಯಾಗಿದ್ದರೆ ಸಾಕು, ಬಿಟ್ಟುಬಿಡು ಅಂತ ಹೇಳಿಬಿಟ್ಟರು. ಆಮೇಲೆ ಎಲ್ಲರೂ ತಮ್ಮ ಸೆಟ್ಟಿಂಗ್ ಫೈಲುಗಳನ್ನು ಆ ಮರೆಯಲ್ಲೇ ಇಡತೊಡಗಿದರು. ಕಣ್ಣಿಗೆ ಕಾಣದ್ದು ಬ್ಯಾಕಪ್ ತೆಗೆಯುವಾಗ ಕೈಬಿಟ್ಟು ಹೋಗುವುದು ಅಲ್ಲೂ ನಡೆಯಿತು.

ಮೊದಮೊದಲು ಕೈಯಾರೆ ನಕಲು ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಎರಡಾದಾಗ, ಮೂರಾದಾಗ ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಆಗ ಸಲಕರಣೆಗಳು ಬಂದವು. ‘ಸ್ಟೋ’ ಅನ್ನುವುದು ಎಲ್ಲ ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು, ಇರಬೇಕಾದ ಜಾಗಗಳಿಗೆ ಅಲ್ಲಿಂದ ಕೊಂಡಿ ಹಾಕುತ್ತದೆ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಬರೆದ ‘ಗಿಟ್’ ಯಾವ ಸಾಲು ಯಾವತ್ತು ಬದಲಾಯಿತು ಅಂತ ಲೆಕ್ಕ ಇಡುತ್ತದೆ. ನಮ್ಮ ಪಹಣಿಗೆ ಮ್ಯುಟೇಷನ್ ವಹಿ ಇದ್ದಂತೆ. ಈಗಿನ ‘ವಿಎಸ್ ಕೋಡ್’ನಂಥ ಎಡಿಟರುಗಳು ಒಂದು ಖಾತೆಗೆ ಲಾಗಿನ್ ಆದರೆ ಸೆಟ್ಟಿಂಗುಗಳನ್ನು ತಾವೇ ಎಳೆದು ತರುತ್ತವೆ.

ಎರಡು ದಾರಿಗೂ ಅವುಗಳದೇ ತೊಡಕು. ಕೈಯಾರೆ ಇಟ್ಟರೆ ಪ್ರತಿ ಸಾಲಿನ ಗುರುತೂ ಇರುತ್ತದೆ, ಆದರೆ ಒಂದು ಯಂತ್ರ ಹಿಂದೆ ಬೀಳುತ್ತದೆ. ತಾನಾಗಿ ನಡೆಯಲು ಬಿಟ್ಟರೆ ಎಲ್ಲ ಯಂತ್ರಗಳೂ ಒಂದೇ ಆಗಿರುತ್ತವೆ, ಆದರೆ ಒಂದು ಕಡೆಯ ತಪ್ಪು ಎಲ್ಲ ಕಡೆ ಹಬ್ಬುತ್ತದೆ. ಖಾತೆಯ ಪಾಸ್‌ವರ್ಡ್ ಮರೆತರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ. ಹಾಗಾಗಿ ಅನುಭವಸ್ಥರು ನಡುವಿನ ದಾರಿ ಹಿಡಿದರು. ಹೊರುವ ಕೆಲಸ ಸಲಕರಣೆಗೆ, ಆದರೆ ಹೊರೆಯೊಳಗೆ ಇರುವುದು ಯಾರಾದರೂ ತೆರೆದು ಓದಬಹುದಾದ ಸಾದಾ ಬರಹ.

ತುಂಗಾ ಬಂದಾಗ

ಕನ್ನಡಕ್ಕೆ ವಾಪಸ್ಸು ಬರೋಣ. ಬಾಡಿಗೆ ಮನೆಯ ಕಷ್ಟ ತೀರಬೇಕಾದರೆ ಕನ್ನಡಕ್ಕೆ ಸ್ವಂತ ಮನೆ ಬೇಕಿತ್ತು. ಅದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಸಿಕ್ಕಿತ್ತು. ನಮ್ಮ ದೇಶದಲ್ಲಿ ಭಾರತೀಯ ಲಿಪಿಗಳಿಗಾಗಿ ಮಾಡಿಕೊಂಡಿದ್ದ ‘ಇಸ್ಕಿ’ ಕ್ರಮವನ್ನು ಅನುಸರಿಸಿಯೇ ಆ ಮನೆಗಳನ್ನು ಹಂಚಿದ್ದರು. ಇದರಲ್ಲಿ ಚೂರುಗಳಿಗೆ ಜಾಗವಿಲ್ಲ. ‘ನ್ಯಾಮತಿ’ ಅಂದರೆ ನ, ಅರ್ಧಾಕ್ಷರದ ಗುರುತು, ಯ, ಆ ಸ್ವರದ ಗುರುತು, ಮ, ತ, ಇ ಸ್ವರದ ಗುರುತು. ಒಟ್ಟು ಏಳು. ಮೊದಲು ಹೇಳಿದ ಏಳು ಕೀಗಳ ಮೂರು ದಾರಿಯಲ್ಲಿ ಯಾವುದರಲ್ಲಿ ಬಂದರೂ ಯೂನಿಕೋಡಿನಲ್ಲಿ ಉಳಿಯುವುದು ಈ ಏಳೇ. ದಾರಿ ಯಾವುದೇ ಇರಲಿ, ತಲುಪುವ ಊರು ಒಂದೇ ಆಯಿತು.

ಹಂಚಿಕೆ 1991ರಲ್ಲಿ ಆದರೂ ಮನೆಯೊಳಗೆ ಕಾಲಿಡಲು ಹತ್ತು ವರ್ಷ ಹಿಡಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆ ಮೈಕ್ರೋಸಾಫ್ಟ್ ಒಂದು ಕನ್ನಡ ಫಾಂಟ್ ಕೊಟ್ಟಿತು. ಅದರ ಹೆಸರು ‘ತುಂಗಾ’. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹೊನ್ನಾಳಿ ಪಕ್ಕದಲ್ಲೇ ಹರಿದುಹೋಗುವ ನದಿಯ ಹೆಸರು ಜಗತ್ತಿನ ಎಕ್ಸ್‌ಪಿ ಕಂಪ್ಯೂಟರುಗಳಿಗೆ ಹೋಯಿತು.

ಆದರೆ ಫಾಂಟ್ ಇದ್ದರೆ ಸಾಲದು. ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಭಾಷೆಗಳ ಪುಟ ತೆಗೆದು, ಸಂಕೀರ್ಣ ಲಿಪಿಗಳ ಫೈಲು ಹಾಕು ಅನ್ನುವ ಚೌಕಕ್ಕೆ ಟಿಕ್ ಮಾಡಬೇಕು. ಟಿಕ್ ಮಾಡಿದರೆ ವಿಂಡೋಸ್ ಸಿ.ಡಿ. ಹಾಕಿ ಅನ್ನುತ್ತಿತ್ತು. ಸಿ.ಡಿ. ಇಲ್ಲದವರು ಅಲ್ಲಿಗೇ ನಿಲ್ಲಬೇಕು. ಆ ಒಂದು ಟಿಕ್ ಇಲ್ಲದ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ‘ಯೂನಿಕೋಡ್ ಸರಿಯಿಲ್ಲ, ನುಡಿಯೇ ವಾಸಿ’ ಅನ್ನುವ ಮಾತು ಹಬ್ಬಿದ್ದರ ಹಿಂದೆ ಇಂಥ ಟಿಕ್ ಬೀಳದ ಚೌಕಗಳೂ ಇದ್ದವು.

ಮುಂದೆ ವಿಂಡೋಸ್ ಆ ಟಿಕ್ಕನ್ನು ಕೇಳುವುದನ್ನೇ ಬಿಟ್ಟಿತು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳು ಫೋನಿನ ಜೊತೆಗೇ ಬಂದವು. ನೀವು ಈ ಬರಹವನ್ನು ಯಾವ ಫಾಂಟೂ ಹಾಕಿಕೊಳ್ಳದೆ ಫೋನಿನಲ್ಲಿ ಓದುತ್ತಿರುವುದು ಅದರ ಫಲ. ಎಲ್ಲರಿಗೂ ಸೇರಿದ ಸೆಟ್ಟಿಂಗ್ ಯಂತ್ರದ ಪಾಲಾದದ್ದು ಒಳ್ಳೆಯದೇ ಆಯಿತು. ಅದಕ್ಕಾಗಿ ಹಳ್ಳಿಯವರು ಸಿ.ಡಿ. ಹುಡುಕಿಕೊಂಡು ದಾವಣಗೆರೆಗೆ ಬಸ್ಸು ಹತ್ತಬೇಕಾದ ಕಾಲ ಮುಗಿಯಿತು.

ಕಾಯರ್ದಶಿರ್ ಯಾರು?

ಮುಗಿಯದೆ ಉಳಿದದ್ದು ಹಳೆಯ ಫೈಲುಗಳು. 2000ದಿಂದ ಈಚೆಗೆ ಬಹಳ ವರ್ಷ ಹಳೆಯ ನುಡಿ, ಬರಹ, ಶ್ರೀಲಿಪಿಯಲ್ಲಿ ಬರೆದದ್ದು ಫೋನಿನಲ್ಲಿ ತೆರೆದರೆ ಅದೇ ಪಿ, ಎ, ಪೌಂಡ್ ಗುರುತಿನ ಗೋಜಲು. ಅದನ್ನು ಯೂನಿಕೋಡಿಗೆ ತರಬೇಕು.

ಕೈಯಾರೆ ಒಂದೊಂದೇ ಚೂರನ್ನು ಹುಡುಕಿ ಬದಲಿಸುತ್ತೇವೆ ಅಂದರೆ ಆಗುವುದಿಲ್ಲ. ಕಾರಣ ಇಷ್ಟು. ನುಡಿಯ ಹಳೆಯ ಫಾಂಟಿನಲ್ಲಿ ದೊಡ್ಡ ಎ ಒಂದೇ ಇದ್ದರೆ ಅದು ಸೊನ್ನೆ, ಅಂದರೆ ಅನುಸ್ವಾರ. ಅದೇ ಎ ಹಿಂದೆ ಇನ್ನು ಮೂರು ಚೂರು ಸೇರಿದರೆ ನಾಲ್ಕೂ ಕೂಡಿ ‘ಯ’. ಮೊದಲು ಎ ಇರುವಲ್ಲೆಲ್ಲ ಸೊನ್ನೆ ಹಾಕಿಬಿಟ್ಟರೆ ‘ಯ’ ಇರುವ ಎಲ್ಲ ಪದಗಳೂ ಕೆಡುತ್ತವೆ. ಉದ್ದದ್ದನ್ನು ಮೊದಲು, ಗಿಡ್ಡದ್ದನ್ನು ಆಮೇಲೆ ಬದಲಿಸಬೇಕು.

ಇನ್ನೊಂದು ಅರ್ಕಾವತ್ತು. ಕಣ್ಣಿಗೆ ಅದು ಅಕ್ಷರದ ಬಲಕ್ಕೆ ಕಾಣುತ್ತದೆ. ಹಳೆಯ ಫಾಂಟುಗಳು ಕಾಣುವ ಕ್ರಮದಲ್ಲೇ ಇಡುತ್ತಿದ್ದವು. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ, ರ್ ಮೊದಲು ಬರಬೇಕು. ‘ಕಾರ್ಯದರ್ಶಿ’ ಅನ್ನುವ ಪದ ಹಳೆಯ ಫೈಲಿನಲ್ಲಿ ಕಾ, ಯ, ಅರ್ಕಾವತ್ತು, ದ, ಶಿ, ಅರ್ಕಾವತ್ತು ಅಂತ ಇರುತ್ತದೆ. ಸುಮ್ಮನೆ ಚೂರಿಗೆ ಚೂರು ಬದಲಿಸಿದರೆ ಸಂಘದ ‘ಕಾಯರ್ದಶಿರ್’ ಸಹಿ ಹಾಕಿದ್ದಾರೆ ಅಂತ ಆಗುತ್ತದೆ. ಅರ್ಕಾವತ್ತು ಕಂಡ ಕೂಡಲೇ ಅದನ್ನು ಎತ್ತಿ ಹಿಂದಿನ ಅಕ್ಷರದ ಮುಂದೆ ಕೂರಿಸುವ ನಿಯಮ ಬೇಕು.

ಇಂಥ ನಿಯಮಗಳನ್ನೆಲ್ಲ ಕೂಡಿಸಿ ಪರಿವರ್ತಕಗಳನ್ನು ಮಾಡಿದರು. ನುಡಿ, ಬರಹಗಳ ಜೊತೆಗೂ ಬಂದವು. ಅರವಿಂದ ವಿ.ಕೆ. ಅವರು ಒಂದು ಪರಿವರ್ತಕ ಬರೆದು, ಅದರ ಒಳಗಿನ ನಿಯಮಗಳ ಸಮೇತ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಇಲ್ಲಿ ಯಂತ್ರವೇ ಬೇಕು. ಸಾವಿರ ಪುಟವನ್ನು ಯಾರೂ ಕೈಯಾರೆ ಬದಲಿಸಲಾರರು.

ಆದರೂ ಕಣ್ಣಿನ ಕೆಲಸ ತಪ್ಪುವುದಿಲ್ಲ. ಹಳೆಯ ಫೈಲಿನ ನಡುವೆ ನಿಜವಾದ ಇಂಗ್ಲಿಷ್ ಪದವೊಂದಿದ್ದರೆ ಅದೂ ಒಳಗೆ ಅದೇ ಮನೆಗಳಲ್ಲೇ ಇರುತ್ತದೆ. ಬರೀ ಅಕ್ಷರ ನೋಡುವ ಪರಿವರ್ತಕ ಅದನ್ನೂ ಕನ್ನಡ ಮಾಡಲು ಹೊರಡುತ್ತದೆ. ಇಮೇಲ್ ವಿಳಾಸ, ಔಷಧದ ಹೆಸರು, ಯಂತ್ರದ ನಂಬರಿನ ಅಕ್ಷರಗಳು ಹೀಗೆ ಕೆಡುತ್ತವೆ. ಬದಲಿಸಿದ ಮೇಲೆ ಹಳೆಯ ಮುದ್ರಿತ ಪ್ರತಿ ಪಕ್ಕದಲ್ಲಿಟ್ಟುಕೊಂಡು ಓದಲೇಬೇಕು.

ಇನ್ನೊಂದು ಅಪಾಯ ಚರಿತ್ರೆಯದ್ದು. ನ್ಯಾಮತಿ ತಾಲ್ಲೂಕಾದ ಮೇಲೆ ಹಳೆಯ ಫೈಲುಗಳಲ್ಲೆಲ್ಲ ‘ಹೊನ್ನಾಳಿ ತಾಲ್ಲೂಕು ಸವಳಂಗ’ ಇದ್ದದ್ದನ್ನು ‘ನ್ಯಾಮತಿ ತಾಲ್ಲೂಕು ಸವಳಂಗ’ ಅಂತ ಒಂದೇ ಏಟಿಗೆ ಬದಲಿಸಲು ಕಂಪ್ಯೂಟರಿಗೆ ಒಂದು ನಿಮಿಷ ಸಾಕು. ಆದರೆ 2010ರ ಪತ್ರದಲ್ಲಿ ಸವಳಂಗ ಹೊನ್ನಾಳಿ ತಾಲ್ಲೂಕಿನದ್ದೇ ಆಗಿರಬೇಕು, ಯಾಕೆಂದರೆ ಆಗ ಅದು ಹಾಗೇ ಇತ್ತು. ಯಂತ್ರಕ್ಕೆ ಅಕ್ಷರ ಗೊತ್ತು, ಇಸವಿ ಗೊತ್ತಿಲ್ಲ. ನಮೂನೆಯನ್ನು ತಿದ್ದಬೇಕು, ದಾಖಲೆಯನ್ನು ತಿದ್ದಬಾರದು.

ಯಾವುದು ಯಂತ್ರಕ್ಕೆ, ಯಾವುದು ಕೈಗೆ

ಈಗ ಫೋನಿನ ಕಾಲ. ಕೀಬೋರ್ಡ್ ಆ್ಯಪ್ ನಾವು ಬರೆದ ಪದಗಳನ್ನು ತಾನೇ ಕಲಿಯುತ್ತದೆ, ಮುಂದಿನ ಪದ ತಾನೇ ಹೇಳುತ್ತದೆ. ಆದರೆ ಅದು ಮೊದಲು ಕಲಿತದ್ದು ದೊಡ್ಡ ಊರಿನ ಪದಗಳನ್ನು. ‘ಜಗಳೂರು’ ಬರೆಯಲು ಹೊರಟರೆ ಮೊದಲು ‘ಜಗಳ’ ತಂದು ಮುಂದಿಡುತ್ತದೆ. ಸುರಹೊನ್ನೆ, ಸಂತೇಬೆನ್ನೂರು ಅದಕ್ಕೆ ಹೊಸವು. ಊರಿನ ಹೆಸರು, ಹಳ್ಳದ ಹೆಸರು, ಕೃಷಿಯ ಮಾತು, ಇವನ್ನು ಬೆಂಗಳೂರಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂತವರು ನಮಗಾಗಿ ಸೆಟ್ ಮಾಡಿಕೊಡುವುದಿಲ್ಲ. ಅದು ನಮ್ಮದೇ ಕೆಲಸ.

ಇಷ್ಟು ದಾರಿ ನೋಡಿದ ಮೇಲೆ ನಮಗೆ ಅನ್ನಿಸುವುದು ಇದು: ಎಲ್ಲರಿಗೂ ಒಂದೇ ಆಗಿರಬೇಕಾದ ಸೆಟ್ಟಿಂಗನ್ನು ಯಂತ್ರಕ್ಕೆ ಬಿಡಬೇಕು. ನಮ್ಮ ಊರಿನದ್ದನ್ನು ನಾವೇ ಬರೆದಿಡಬೇಕು. ಎರಡೂ ತೆರೆದು ಓದಲು ಬರುವಂತಿರಬೇಕು.

ಇದಕ್ಕೆ ಕೆ.ಪಿ. ರಾವ್ ವಿನ್ಯಾಸವೇ ಒಳ್ಳೆಯ ಉದಾಹರಣೆ. ಇವತ್ತು ಲಿನಕ್ಸ್ ಕಂಪ್ಯೂಟರಿನಲ್ಲಿ ಗಣಕ ಪರಿಷತ್ತಿನ ಹೆಸರಿನಲ್ಲೇ ಆ ಕೀಲಿಮಣೆ ಒಂದು ಸಾದಾ ಬರಹದ ಫೈಲಾಗಿ ಇದೆ. ತೆರೆದರೆ ಯಾವ ಕೀಗೆ ಯಾವ ಅಕ್ಷರ ಅಂತ ಸಾಲುಸಾಲಾಗಿ ಓದಬಹುದು. ವಿಕಿಪೀಡಿಯದಲ್ಲಿ ಕನ್ನಡ ಬರೆಯುವ ಸೌಕರ್ಯದಲ್ಲೂ ಅದು ಸೇರಿದೆ. ಎಷ್ಟೋ ತಂತ್ರಾಂಶಗಳು ಬಂದು ಹೋದವು, ಆ ವಿನ್ಯಾಸ ಉಳಿಯಿತು. ಪುಕ್ಕಟೆ ಕೊಟ್ಟದ್ದು ಒಂದು ಕಾರಣ. ಯಾರು ಬೇಕಾದರೂ ಓದಿ ಮತ್ತೆ ಕಟ್ಟಿಕೊಳ್ಳುವಷ್ಟು ಸರಳವಾಗಿದ್ದದ್ದು ಇನ್ನೊಂದು.

ಮನೆಯಲ್ಲಿ, ಸಂಘದಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ.

ಹೊಸದಾಗಿ ಏನೇ ಬರೆಸಿದರೂ ಯೂನಿಕೋಡಿನಲ್ಲೇ ಬರೆಸಿ. ಅಂಗಡಿಯವರು ಕೊಟ್ಟ ಫೈಲನ್ನು ಅಲ್ಲೇ ನಿಮ್ಮ ಫೋನಿನಲ್ಲಿ ತೆರೆದು ನೋಡಿ. ಓದಲು ಬಂದರೆ ಸರಿ. ಪ್ರಿಂಟ್ ಚೆನ್ನಾಗಿದೆ ಅಂತ ಫೈಲು ಚೆನ್ನಾಗಿದೆ ಅಂದುಕೊಳ್ಳಬೇಡಿ.

ಫೋನಿನ ಕೀಬೋರ್ಡಿನಲ್ಲಿ ಸ್ವಂತ ನಿಘಂಟು ಅಂತ ಒಂದು ಜಾಗವಿರುತ್ತದೆ. ನಿಮ್ಮ ಊರು, ಪಂಚಾಯಿತಿ, ಸಂಘದ ಪೂರ್ತಿ ಹೆಸರನ್ನು ಅಲ್ಲಿ ಒಂದು ಗಿಡ್ಡ ಹೆಸರಿನೊಂದಿಗೆ ಸೇರಿಸಿ. ಅದರ ಜೊತೆಗೆ ಅದೇ ಪಟ್ಟಿಯನ್ನು ಒಂದು ಸಾದಾ ಮೆಸೇಜಿನಲ್ಲಿ ಬರೆದು ನಿಮಗೇ ಕಳಿಸಿಕೊಳ್ಳಿ, ನೋಟ್ ಪುಸ್ತಕದಲ್ಲೂ ಬರೆಯಿರಿ. ಫೋನ್ ಕೆರೆಗೆ ಬಿದ್ದರೂ ಪಟ್ಟಿ ಉಳಿಯುತ್ತದೆ. ಪಾಸ್‌ವರ್ಡ್ ಮಾತ್ರ ಆ ಪಟ್ಟಿಯಲ್ಲಿ ಬೇಡ.

ಹಳೆಯ ಫೈಲು ಇದ್ದರೆ ಅದರ ಹೆಸರಿನ ಜೊತೆ ಇಸವಿ, ತಂತ್ರಾಂಶ, ಫಾಂಟಿನ ಹೆಸರು ಬರೆದಿಡಿ. ಯಾವ ಹೊದಿಕೆ ಅಂತ ಗೊತ್ತಿದ್ದರೆ ಮುಂದೆ ಯಾರಾದರೂ ಬಿಚ್ಚಬಹುದು. ಬದಲಿಸಿದ ಮೇಲೂ ಮೂಲ ಫೈಲನ್ನು ಅಳಿಸಬೇಡಿ.

ತಾಲ್ಲೂಕು ಕೇಂದ್ರಗಳ ಹಳೆಯ ಡಿಟಿಪಿ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ, ಇಲ್ಲವೇ ಜೆರಾಕ್ಸ್ ಅಂಗಡಿಗಳಾಗುತ್ತಿವೆ. ಅಲ್ಲಿಯ ಹಳೆಯ ಕಂಪ್ಯೂಟರುಗಳಲ್ಲಿ ಇಪ್ಪತ್ತು ವರ್ಷದ ಕರಪತ್ರ, ಸ್ಮರಣ ಸಂಚಿಕೆ, ಜಾತ್ರೆಯ ಆಹ್ವಾನ, ಸಂಘದ ಬೈಲಾ, ಬರಗಾಲದ ಅರ್ಜಿಗಳಿವೆ. ಅವುಗಳ ಸೆಟ್ಟಿಂಗ್ ಗೊತ್ತಿರುವವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ನಿಮ್ಮ ಸಂಘದ ಕೆಲಸ ಮಾಡಿಕೊಟ್ಟ ಅಂಗಡಿಯಣ್ಣನ ಬಳಿ ಈ ವಾರವೇ ಒಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ. ಫೈಲು ಕೇಳಿ, ಫಾಂಟ್ ಕೇಳಿ, ಯಾವ ಆವೃತ್ತಿ ಅಂತ ಕೇಳಿ ಬರೆದುಕೊಳ್ಳಿ. ಆ ಯಂತ್ರ ಗುಜರಿಗೆ ಹೋಗುವ ಮುಂಚೆ.